13 ನಿಮಿಷದ ಹಾಡಿಗೆ ತಿಂಗಳುಗಟ್ಟಲೆ ತಯಾರಿ ಯಾಕೆ?

ಓದುಗರ ಪತ್ರ (ಸಂಕ್ಷಿಪ್ತವಾಗಿ): ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನ ವಿರಾಮದಲ್ಲಿ ನಡೆಯುವ ಹಾಫ್‌ಟೈಮ್ ಶೋ ಬಗ್ಗೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅಲ್ಲಿ ಗಿಟಾರ್‌ಗೆ ವೈರೇ ಇರಲ್ಲ. ಮೊದಲೇ ರೆಕಾರ್ಡ್ ಮಾಡಿದ್ದನ್ನು ಹಾಕಿ ಕುಣಿಯುತ್ತಾರೆ. ಹಾಡುವವರಿಗೆ ಸಂಭಾವನೆಯೂ ಇಲ್ಲವಂತೆ. ಇಷ್ಟಕ್ಕೆ ತಿಂಗಳುಗಟ್ಟಲೆ ತಯಾರಿ ಅಂತಾರೆ. ಇದೆಲ್ಲ ಬರೀ ಕಣ್ಕಟ್ಟು ಅಲ್ವಾ? ಇನ್ನೊಂದು ವಿಷಯ. 2013ರಲ್ಲಿ ಗಾಯಕಿ ಬಿಯಾನ್ಸೆ ಶೋನಿಂದಲೇ ಕ್ರೀಡಾಂಗಣದ ಕರೆಂಟ್ ಹೋಯಿತು ಅಂತ ನನ್ನ ಸ್ನೇಹಿತ ವಾದಿಸುತ್ತಾನೆ. ನಿಜವೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಇರಲಿ. ಆದರೆ ಅದು ತಪ್ಪು ಕಡೆ ತಿರುಗಿದೆ ಅಂತ ನನಗನ್ನಿಸುತ್ತದೆ. ನೀವು ವೇದಿಕೆ ಮೇಲಿದ್ದವರನ್ನಷ್ಟೇ ನೋಡಿದ್ದೀರಿ. ಸ್ವಲ್ಪ ಗಡಿಯಾರವನ್ನೂ ನೆಲವನ್ನೂ ನೋಡಿ. ಈ ಶೋಗೆ ನಿಜವಾದ ಯಜಮಾನರು ಅವೆರಡೇ.

ಮೊದಲು ಗಡಿಯಾರ. ಅಲ್ಲಿನ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಮಾಮೂಲಿ ಪಂದ್ಯದಲ್ಲಿ ಹಾಫ್‌ಟೈಮ್ ಅಂದರೆ ಸುಮಾರು 13 ನಿಮಿಷ. ಸೂಪರ್ ಬೌಲ್ ದಿನ ಅದನ್ನು ಅರ್ಧ ಗಂಟೆಯ ಹತ್ತಿರಕ್ಕೆ ಎಳೆಯುತ್ತಾರೆ. ಅಷ್ಟರಲ್ಲಿ ಖಾಲಿ ಮೈದಾನದಲ್ಲಿ ವೇದಿಕೆ ಎದ್ದು ನಿಲ್ಲಬೇಕು, ಶೋ ಮುಗಿಯಬೇಕು, ಮತ್ತೆ ಮೈದಾನ ಖಾಲಿಯಾಗಬೇಕು. ಕಟ್ಟೋದಕ್ಕೆ ಸಿಗುವುದು ಏಳೆಂಟು ನಿಮಿಷ, ಬಿಚ್ಚೋದಕ್ಕೆ ಅದಕ್ಕಿಂತಲೂ ಕಮ್ಮಿ. ದೊಡ್ಡ ಗಾಯಕರ ಮಾಮೂಲಿ ಕಾರ್ಯಕ್ರಮಕ್ಕೆ ವೇದಿಕೆ ಕಟ್ಟಲು ದಿನಗಟ್ಟಲೆ ಹಿಡಿಯುತ್ತದೆ ಅನ್ನೋದು ನೆನಪಿರಲಿ.

ಹಾಗಾಗಿ ವೇದಿಕೆಯನ್ನು ತುಂಡು ತುಂಡಾಗಿ ಮಾಡಿ, ಒಂದೊಂದು ತುಂಡನ್ನೂ ಚಕ್ರದ ಬಂಡಿ ಮೇಲೆ ಕೂರಿಸುತ್ತಾರೆ. ಸ್ಪೀಕರ್‌ಗಳೂ ಬಂಡಿ ಮೇಲೇ ಬರುತ್ತವೆ. ಆಟಗಾರರು ಒಳಗೆ ಹೋದ ಕೂಡಲೇ ನೂರಾರು ಜನ ಇವನ್ನು ಸುರಂಗದ ದಾರಿಯಿಂದ ಮೈದಾನಕ್ಕೆ ತಳ್ಳಿಕೊಂಡು ಬರುತ್ತಾರೆ. ಯಾವ ಬಂಡಿ ಮೊದಲು, ಅದರ ಹಿಂದೆ ಯಾವುದು, ಯಾರು ಯಾವ ಮೂಲೆ ಹಿಡಿಯಬೇಕು, ಎಲ್ಲವೂ ಮೊದಲೇ ಗೊತ್ತಾಗಿರಬೇಕು. ಆ ಸುರಂಗದ ಅಗಲ ಎಷ್ಟೋ ಬಂಡಿಯ ಅಗಲವೂ ಅಷ್ಟಕ್ಕೇ ಸೀಮಿತ. ಅಂದರೆ ವಿನ್ಯಾಸಕಾರರ ಮೊದಲ ಪ್ರಶ್ನೆ ಯಾವ ಹಾಡು ಅನ್ನೋದಲ್ಲ, ಬಾಗಿಲು ಎಷ್ಟು ಅಗಲ ಅನ್ನೋದು. ಹೀಗೆ ತಳ್ಳುವುದಕ್ಕೇ ವಾರಗಟ್ಟಲೆ ತಾಲೀಮು ನಡೆಯುತ್ತದೆ. ನೀವು ಕೇಳಿದ ತಯಾರಿಯಲ್ಲಿ ದೊಡ್ಡ ಪಾಲು ಇದೇ.

ಇನ್ನು ನೆಲ. ಹಾಡು ಮುಗಿದ ಮೇಲೆ ಅದೇ ಹುಲ್ಲಿನ ಮೇಲೆ ವರ್ಷದ ಅತಿ ದೊಡ್ಡ ಪಂದ್ಯದ ಉಳಿದರ್ಧ ನಡೆಯಬೇಕು. ಹುಲ್ಲು ಕಿತ್ತು ಬಂದರೆ ಆಟಗಾರನ ಮೊಣಕಾಲಿಗೆ ಸಂಚಕಾರ. 2023ರಲ್ಲಿ ಗಾಯಕಿ ರಿಹಾನಾ ಹಾಡಿದ್ದು ಅರಿಜೋನಾದ ಗ್ಲೆಂಡೇಲ್‌ನಲ್ಲಿ. ಅಲ್ಲಿನ ಹುಲ್ಲು ಅಸಲಿ. ಇಡೀ ಮೈದಾನವೇ ಒಂದು ದೊಡ್ಡ ತಟ್ಟೆಯಂಥ ಚೌಕಟ್ಟಿನಲ್ಲಿದೆ. ಬಿಸಿಲು ಕಾಯಲು ಅದನ್ನು ಹೊರಗೆ ಜಾರಿಸುತ್ತಾರೆ, ಪಂದ್ಯಕ್ಕೆ ಒಳಗೆ ಎಳೆದುಕೊಳ್ಳುತ್ತಾರೆ. ಅದರ ಮೇಲೆ ಭಾರದ ವೇದಿಕೆ ಬೇಡ ಅಂತ ಏಳು ಅಟ್ಟಣಿಗೆಗಳನ್ನು ಮೇಲಿಂದ ಇಳಿಬಿಟ್ಟರು. ಕೆಂಪು ಉಡುಪಿನ ರಿಹಾನಾ ಗಾಳಿಯಲ್ಲಿ ತೇಲುತ್ತಾ ಬಂದಾಗ ನಾವೆಲ್ಲ ಅದನ್ನು ಕಲ್ಪನೆಯ ಸೊಗಸು ಅಂದುಕೊಂಡೆವು. ಸೊಗಸು ಹೌದು, ಆದರೆ ಅದರ ಬೇರು ಹುಲ್ಲಿನಲ್ಲಿತ್ತು. ಆಗ ಅವರು ಗರ್ಭಿಣಿ ಕೂಡ. (ಅಷ್ಟೆಲ್ಲ ಮಾಡಿದರೂ ಆ ದಿನ ಮೈದಾನ ಜಾರುತ್ತಿದೆ ಅಂತ ಆಟಗಾರರು ಗೊಣಗಿದ್ದು ಬೇರೆ ಮಾತು.) 2026ರಲ್ಲಿ ಸಾಂಟಾ ಕ್ಲಾರಾದಲ್ಲೂ ಅಸಲಿ ಹುಲ್ಲೇ. ಗಾಯಕ ಬ್ಯಾಡ್ ಬನ್ನಿ ಶೋನಲ್ಲಿ ಎತ್ತರದ ಹುಲ್ಲು, ಗಿಡಗಳು ಕಂಡವಲ್ಲ, ಅವುಗಳಲ್ಲಿ ಬಹಳಷ್ಟು ವೇಷ ಹಾಕಿದ ಮನುಷ್ಯರು. ಗಿಡಗಳನ್ನು ಬಂಡಿಯಲ್ಲಿ ತರೋದಕ್ಕಿಂತ ಗಿಡಗಳೇ ನಡೆದುಕೊಂಡು ಬಂದರೆ ನೆಲಕ್ಕೂ ಹಗುರ, ಹೋಗೋದೂ ಬೇಗ!

ಈಗ ನಿಮ್ಮ ವೈರಿನ ತಕರಾರಿಗೆ ಬರೋಣ. ನೀವು ಹೇಳಿದ್ದು 2014ರ ಶೋ ಇರಬೇಕು. ಬ್ರೂನೋ ಮಾರ್ಸ್ ಜೊತೆ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ಎಂಬ ರಾಕ್ ತಂಡ ಬಂದಿತ್ತು. ಅವರ ಗಿಟಾರ್‌ಗಳಿಗೆ ವೈರ್ ಇಲ್ಲದ್ದನ್ನು ಜನ ಟೀವಿಯಲ್ಲೇ ಹಿಡಿದರು. ತಂಡದ ಬೇಸ್ ವಾದಕ ಫ್ಲೀ ಆಮೇಲೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು: ವಾದ್ಯಗಳೆಲ್ಲ ಮೊದಲೇ ರೆಕಾರ್ಡ್ ಮಾಡಿದ್ದು, ಗಾಯನ ಮಾತ್ರ ನೇರ, ಹಾಗೆ ಮಾಡಿ ಅಂದಿದ್ದು ಎನ್‌ಎಫ್‌ಎಲ್. ಕಾರಣ ಮತ್ತೆ ಗಡಿಯಾರವೇ. ಏಳು ನಿಮಿಷದಲ್ಲಿ ಡ್ರಮ್ಸ್ ಇಟ್ಟು, ಮೈಕ್ ಜೋಡಿಸಿ, ಒಂದೊಂದನ್ನೂ ಬಡಿದು ಪರೀಕ್ಷಿಸಲು ಆಗೋದಿಲ್ಲ. ಒಂದು ವೈರ್ ಕೈಕೊಟ್ಟರೆ ಕೋಟಿಗಟ್ಟಲೆ ಜನರ ಮುಂದೆ ಮೌನ. ವೈರ್ ಸಿಕ್ಕಿಸಿ ನಟಿಸಬಹುದಿತ್ತು, ಅವರು ಅದನ್ನೂ ಮಾಡಲಿಲ್ಲ. ನನಗೆ ಅದು ಪ್ರಾಮಾಣಿಕತೆ ಅನ್ನಿಸುತ್ತದೆ, ನಿಮಗೆ ಮೋಸ ಅನ್ನಿಸಿದೆ. 2017ರಲ್ಲಿ ಹ್ಯೂಸ್ಟನ್‌ನಲ್ಲಿ ಲೇಡಿ ಗಾಗಾ ಹಿಂದೆ ಆಕಾಶದಲ್ಲಿ 300 ಡ್ರೋನ್‌ಗಳು ಹೊಳೆದದ್ದೂ ಮೊದಲೇ ಚಿತ್ರಿಸಿದ್ದು. ತುಂಬಿದ ಕ್ರೀಡಾಂಗಣದ ಹತ್ತಿರ ಡ್ರೋನ್ ಹಾರಿಸಲು ಅಲ್ಲಿನ ಕಾನೂನು ಬಿಡೋದಿಲ್ಲ. ಆದರೆ ಗಾಗಾ ಹಗ್ಗ ಕಟ್ಟಿಕೊಂಡು ಮೇಲಿಂದ ಮೈದಾನಕ್ಕೆ ಇಳಿದದ್ದು ಜನರ ಕಣ್ಣೆದುರೇ.

ಎಲ್ಲವನ್ನೂ ಯೋಜಿಸಬಹುದು, ಮಳೆಯನ್ನು ಬಿಟ್ಟು. 2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ಗಾಯಕ ಪ್ರಿನ್ಸ್ ವೇದಿಕೆ ಹತ್ತುವಾಗ ಧಾರಾಕಾರ ಮಳೆ. ಅವರ ಚಿಹ್ನೆಯ ಆಕಾರದ ವೇದಿಕೆ, ನುಣುಪಾದ ನೆಲ, ಎತ್ತರದ ಹಿಮ್ಮಡಿಯ ಬೂಟು ತೊಟ್ಟ ನರ್ತಕಿಯರು, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್. ಆಯೋಜಕರ ಎದೆ ಢವಢವ. ಪ್ರಿನ್ಸ್ ಹಿಂದೆ ಸರಿಯಲಿಲ್ಲ. ಆ ಮಳೆಯಲ್ಲೇ ಗಿಟಾರ್ ಅನ್ನು ನೇರವಾಗಿ ನುಡಿಸಿದರು. ದೊಡ್ಡ ಬಿಳಿ ಬಟ್ಟೆಯೊಂದು ಗಾಳಿಗೆ ಉಬ್ಬಿ ನಿಂತು, ಅದರ ಮೇಲೆ ಅವರ ನೆರಳು ಬಿದ್ದ ಆ ಗಳಿಗೆ ಇದೆಯಲ್ಲ, ಇಷ್ಟು ವರ್ಷಗಳ ಶೋಗಳಲ್ಲಿ ನನಗೆ ಅದನ್ನು ಮೀರಿದ್ದು ಸಿಕ್ಕಿಲ್ಲ. ಕಣ್ಕಟ್ಟು ಅನ್ನುವವರು ಅದೊಂದನ್ನು ನೋಡಬೇಕು.

ಇಷ್ಟೆಲ್ಲ ರಿಸ್ಕ್ ಎನ್‌ಎಫ್‌ಎಲ್‌ಗೆ ಯಾಕೆ ಬೇಕು ಅಂದರೆ, ಜನ ಎದ್ದು ಹೋಗ್ತಾರೆ ಅನ್ನೋ ಭಯ. 1967ರ ಮೊದಲ ಪಂದ್ಯದಲ್ಲಿ ಹಾಫ್‌ಟೈಮ್ ಅಂದರೆ ಕಾಲೇಜು ಬ್ಯಾಂಡ್‌ಗಳು. ಹಾಗೇ ನಡೆದುಕೊಂಡು ಬಂತು. 1992ರಲ್ಲಿ ಫಾಕ್ಸ್ ಚಾನೆಲ್ ಅದೇ ಹೊತ್ತಿಗೆ ತನ್ನ ಹಾಸ್ಯ ಕಾರ್ಯಕ್ರಮ ಹಾಕಿ, ಪಂದ್ಯ ಮತ್ತೆ ಶುರುವಾಗಲು ಎಷ್ಟು ಹೊತ್ತಿದೆ ಅಂತ ಮೂಲೆಯಲ್ಲಿ ಗಡಿಯಾರವನ್ನೂ ತೋರಿಸಿತು. ಕೋಟಿಗಟ್ಟಲೆ ಜನ ಚಾನೆಲ್ ಬದಲಿಸಿದರು. ಮರುವರ್ಷವೇ ಮೈಕೆಲ್ ಜಾಕ್ಸನ್ ಬಂದರು. ಬಂದವರು ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಅಲ್ಲಾಡದೆ ಸುಮ್ನೆ ನಿಂತರು! ಸೆಕೆಂಡಿಗೆ ಇಷ್ಟು ಬೆಲೆಯಿರುವ ಜಾಗದಲ್ಲಿ ಆ ಧೈರ್ಯ ಅವರಿಗೇ ಸರಿ.

ಸಂಭಾವನೆ ಇಲ್ಲ ಅನ್ನೋದು ಹೆಚ್ಚುಕಮ್ಮಿ ನಿಜ. ಕಲಾವಿದರ ಸಂಘದ ನಿಯಮದಂತೆ ಕನಿಷ್ಠ ಮೊತ್ತ ಕೊಡುತ್ತಾರೆ, ಅದು ಇವರ ಮಟ್ಟಕ್ಕೆ ಚಿಲ್ಲರೆ. ಶೋ ಖರ್ಚು ಲೀಗ್ ಮತ್ತು ಪ್ರಾಯೋಜಕರದ್ದು. 2021ರಲ್ಲಿ ಗಾಯಕ ದಿ ವೀಕೆಂಡ್ ಸ್ವಂತ ಜೇಬಿನಿಂದ 70 ಲಕ್ಷ ಡಾಲರ್ ಸುರಿದರು. ಅಯ್ಯೋ ಪಾಪ ಅನ್ನಬೇಡಿ. 2025ರಲ್ಲಿ ಇದೇ ಪಂದ್ಯದ ನಡುವೆ 30 ಸೆಕೆಂಡ್ ಜಾಹೀರಾತಿಗೆ 80 ಲಕ್ಷ ಡಾಲರ್‌ವರೆಗೆ ಬೆಲೆಯಿತ್ತು. ಆ ಲೆಕ್ಕದಲ್ಲಿ ಶೋನ 13 ನಿಮಿಷಕ್ಕೆ 20 ಕೋಟಿ ಡಾಲರ್ ದಾಟುತ್ತದೆ. ಆ ವರ್ಷ ಹಾಡಿದ ಕೆಂಡ್ರಿಕ್ ಲಮಾರ್ ಅವರನ್ನು ನೋಡಿದವರು 13 ಕೋಟಿ 35 ಲಕ್ಷ ಜನ. ಮುಂದಿನ ಪ್ರವಾಸದ ಟಿಕೆಟ್, ಹಾಡುಗಳ ಸ್ಟ್ರೀಮಿಂಗ್, ಎಲ್ಲ ಅದರಿಂದಲೇ ಏರುತ್ತವೆ.

ನಿಮ್ಮ ಸಿಟ್ಟು ಎಲ್ಲಿಗೆ ಹೋಗಬೇಕಿತ್ತು ಅಂದರೆ, ವೇದಿಕೆಯ ಸುತ್ತ ನಿಂತವರ ಲೆಕ್ಕಕ್ಕೆ. ಬಂಡಿ ತಳ್ಳುವವರು ಬಹಳ ವರ್ಷ ಸ್ವಯಂಸೇವಕರೇ ಆಗಿದ್ದರು. ಮೈದಾನದಲ್ಲಿ ಗುಂಪಾಗಿ ಕುಣಿಯುತ್ತಿದ್ದವರೂ ಅಷ್ಟೇ. 2022ರಲ್ಲಿ ಲಾಸ್ ಏಂಜಲೀಸ್ ಬಳಿಯ ಶೋಗೆ ವೃತ್ತಿ ನರ್ತಕರನ್ನೇ ಪುಕ್ಕಟೆ ಕರೆಯುತ್ತಿದ್ದಾರೆ ಅಂತ ದೊಡ್ಡ ಗಲಾಟೆಯಾಯಿತು. ಕಲಾವಿದರ ಸಂಘ ಮಧ್ಯೆ ಬಂದ ಮೇಲೆ, ವೃತ್ತಿ ನರ್ತಕರನ್ನು ಹಾಗೆ ಕರೆಯೋದಿಲ್ಲ ಅಂತ ಒಪ್ಪಂದವಾಯಿತು. ಗಾಯಕರಿಗೆ ಹೆಸರು ಸಿಗುತ್ತದೆ, ಸರಿ. ದಿನಗಟ್ಟಲೆ ತಾಲೀಮು ಮಾಡಿ ಮೈದಾನದ ಮೂಲೆಯಲ್ಲಿ ಕೈ ಬೀಸಿದವರ ಹೆಸರು ಯಾರಿಗೆ ಗೊತ್ತು? ರೆಕಾರ್ಡ್ ಮಾಡಿದ ಗಿಟಾರ್‌ಗಿಂತ ನನಗೆ ಇದು ಜಾಸ್ತಿ ಚುಚ್ಚುತ್ತದೆ.

ಕೊನೆಯದಾಗಿ ಬಿಯಾನ್ಸೆ. ಈ ವಾದದಲ್ಲಿ ಗೆದ್ದಿದ್ದು ನೀವು, ನಿಮ್ಮ ಸ್ನೇಹಿತರಿಗೆ ಹೇಳಿ. ನ್ಯೂ ಓರ್ಲಿಯನ್ಸ್‌ನಲ್ಲಿ ಅವರ ಶೋ ನಡೆದದ್ದು ಪ್ರತ್ಯೇಕ ಜನರೇಟರ್ ಮೇಲೆ. ದೀಪ ಆರುವ ಹೊತ್ತಿಗೆ ಬಂಡಿಗಳೆಲ್ಲ ಹೊರಗೆ ಹೋಗಿ, ಪಂದ್ಯದ ದ್ವಿತೀಯಾರ್ಧ ಶುರುವಾಗಿತ್ತು. ಆಟ 34 ನಿಮಿಷ ನಿಂತಿತು. ತನಿಖೆಯಲ್ಲಿ ಸಿಕ್ಕಿಬಿದ್ದದ್ದು ಒಂದು ರಿಲೇ, ಅಂದರೆ ಕರೆಂಟ್ ಹರಿವಿನ ಮೇಲೆ ಕಣ್ಣಿಡುವ ಸಾಧನ. ಕ್ರೀಡಾಂಗಣದ ಕರೆಂಟ್ ಹೋಗದಿರಲಿ ಅಂತಲೇ ಅದನ್ನು ಹಾಕಿಸಿದ್ದರು.