ಕ್ಯಾಸೆಟ್ಟಿನಲ್ಲಿ ಇಲ್ಲದ್ದು 4ಕೆಯಲ್ಲಿ ಬರುತ್ತದೆಯೇ?

ಪ್ರಶ್ನೆ: ಅಣ್ಣಾರೆ, ನಾನು ಶಹಾಬಾದಿನ ನಿವೃತ್ತ ಶಿಕ್ಷಕಿ. ಮನೆಯಲ್ಲಿ 32 ಇಂಚಿನ ಟಿವಿ, ಒಂದು ಡಿವಿಡಿ ಪ್ಲೇಯರ್, ಸುಮಾರು 140 ಡಿವಿಡಿಗಳಿವೆ. ಅದರಲ್ಲಿ ಜಾಸ್ತಿ ಹಳೆಯ ಕನ್ನಡ ಸಿನಿಮಾಗಳೇ. ಪುಣೆಯಲ್ಲಿರುವ ಮಗ "ಇದನ್ನೆಲ್ಲ ಗುಜರಿಗೆ ಹಾಕವ್ವ, 55 ಇಂಚಿನ 4ಕೆ ಟಿವಿ, 4ಕೆ ಡಿಸ್ಕ್ ಪ್ಲೇಯರ್ ತಗೊಳ್ಳೋಣ" ಅನ್ನುತ್ತಾನೆ. ನಮ್ಮ ಮದುವೆಯ 1993ರ ವಿಎಚ್‌ಎಸ್ ಕ್ಯಾಸೆಟ್ಟನ್ನೂ 4ಕೆ ಮಾಡಿಕೊಡುತ್ತೇವೆಂದು ಒಂದು ಅಂಗಡಿಯವರು 12 ಸಾವಿರ ಕೇಳಿದ್ದಾರೆ. ಇಷ್ಟೆಲ್ಲ ಖರ್ಚು ಮಾಡಬಹುದೇ?

ಉತ್ತರ: ಅಕ್ಕೋರೆ, ಮೊದಲು ಕ್ಯಾಸೆಟ್ಟಿನ ಮಾತಾಡೋಣ. ಟಿವಿ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾಸೆಟ್ಟಿಗೆ ಅಷ್ಟು ಪುರುಸೊತ್ತಿಲ್ಲ.

ನಾನು 1991ರಿಂದ ಕಲಬುರಗಿಯಲ್ಲಿ ಮದುವೆ ಶೂಟಿಂಗ್ ಮಾಡಿದವನು. ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಸನ್‌ಗನ್ ಲೈಟ್ ಎತ್ತಿ ಹಿಡಿದ ಹುಡುಗ. ಜೇವರ್ಗಿ, ಸೇಡಂ, ಆಳಂದ ಅಂತ ತಿರುಗಿ ತುಂಬಿಸಿದ ಕ್ಯಾಸೆಟ್ಟುಗಳಿಗೆ ಲೆಕ್ಕವಿಲ್ಲ. ಹಾಗಾಗಿ ನಿಮ್ಮ 1993ರ ಕ್ಯಾಸೆಟ್ಟಿನೊಳಗೆ ಏನಿದೆ ಅಂತ ನೋಡದೆಯೇ ಹೇಳಬಲ್ಲೆ. ನಮ್ಮ ದೇಶದ ಟಿವಿಗಳು ಆಗ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಅದರಲ್ಲಿ ಪರದೆಯ ಮೇಲೆ ಕಾಣುವುದು 576. ವಿಎಚ್‌ಎಸ್ ಟೇಪು ಎಡದಿಂದ ಬಲಕ್ಕೆ ಹಿಡಿದುಕೊಳ್ಳುವ ವಿವರವಂತೂ ಸುಮಾರು 240 ಗೆರೆಯಷ್ಟೇ. ಬಣ್ಣದ ವಿವರ ಅದಕ್ಕಿಂತ ಬಹಳ ಕಡಿಮೆ. ಅದಕ್ಕೇ ಮದುಮಗಳ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಪಕ್ಕದವರ ಬಿಳಿ ಅಂಗಿಯ ಮೇಲೆ ಹರಿದಿರುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಬಾಸಿಂಗದ ಮೇಲೆ ಲೈಟು ಬಿದ್ದರೆ ಪರದೆಯ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಗೆರೆ ಮೂಡುತ್ತದೆ. ಅವತ್ತಿನ ಕ್ಯಾಮೆರಾ ಕಂಡದ್ದು ಅಷ್ಟು, ಟೇಪಿನಲ್ಲಿ ಉಳಿದದ್ದೂ ಅಷ್ಟೇ.

4ಕೆ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಒಟ್ಟು ಸುಮಾರು 83 ಲಕ್ಷ. ನಿಮ್ಮ ಕ್ಯಾಸೆಟ್ಟಿನಿಂದ ಎಷ್ಟೇ ಎಳೆದರೂ ಇಷ್ಟು ಚುಕ್ಕಿ ಬರುವುದಿಲ್ಲ. ಉಳಿದದ್ದನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ. ಆ ಊಹೆ ಎಂಥದ್ದು ಅಂತ ನನ್ನ ಮನೆಯಲ್ಲೇ ಕಂಡಿದ್ದೇನೆ.

ನನ್ನ ತಂಗಿಯ ಮದುವೆ ಆದದ್ದು 1996ರಲ್ಲಿ. ಅವ್ವ ಓಡಾಡುತ್ತಿರುವ ವಿಡಿಯೋ ನಮ್ಮ ಮನೆಯಲ್ಲಿ ಅದೊಂದೇ. ಮೂರ್ನಾಲ್ಕು ವರ್ಷದ ಕೆಳಗೆ ನನ್ನ ವಿಸಿಆರ್ ಕೆಟ್ಟು ಕೂತಿತ್ತು. ಅವಸರ ಮಾಡಿ ಆ ಕ್ಯಾಸೆಟ್ಟನ್ನು ಒಂದು ಅಂಗಡಿಗೆ ಕೊಟ್ಟೆ. 4ಕೆ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರು. ಮನೆಗೆ ಬಂದು ಹಾಕಿದರೆ ಚಿತ್ರ ನಿಜಕ್ಕೂ ಚಕಚಕ ಅನ್ನುತ್ತಿತ್ತು. ಅವ್ವ ಅರಿಷಿಣದ ತಟ್ಟೆ ಹಿಡಿದು ಕ್ಯಾಮೆರಾ ಕಡೆ ತಿರುಗುತ್ತಾಳಲ್ಲ, ಅಲ್ಲಿ ನಿಲ್ಲಿಸಿದೆ. ಅವ್ವನ ಗಲ್ಲದ ಮೇಲೆ ಮೂರು ಚುಕ್ಕಿ ಹಚ್ಚೆ ಇತ್ತು. ಸಣ್ಣವಳಿದ್ದಾಗ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು. ಆ ಮೂರೂ ಚುಕ್ಕಿ ಇರಲಿಲ್ಲ. ಕೊಳೆ ಅಂದುಕೊಂಡು ಯಂತ್ರ ಒರೆಸಿ ಹಾಕಿತ್ತು. ಕಣ್ಣಿನ ಸುತ್ತ ಇದ್ದ ಸುಕ್ಕೂ ಇಲ್ಲ. ಯಾರೋ ಬೇರೆ ಹೆಂಗಸು ಅವ್ವನ ಸೀರೆ ಉಟ್ಟು ನಿಂತಂತೆ ಇತ್ತು. ಮೂಲ ಕ್ಯಾಸೆಟ್ ವಾಪಸ್ ಕೇಳಲು ಹೋದರೆ, ಅದನ್ನು ಎಸೆದು ಆಯಿತು ಅಂದರು.

ಜೇವರ್ಗಿಯ ಚಿಕ್ಕಮ್ಮನ ಟ್ರಂಕಿನಲ್ಲಿ ಅದೇ ಮದುವೆಯ ಕಾಪಿ ಕ್ಯಾಸೆಟ್ ಒಂದಿತ್ತು. ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿದ್ದು, ಇನ್ನೂ ಮಸುಕು. ವಿಸಿಆರ್ ರಿಪೇರಿ ಮಾಡಿಸಿ ಅದನ್ನು ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿದೆ. ಗಲ್ಲದ ಮೇಲೆ ಕಪ್ಪಗೆ ಒಂದು ಮಾಸಲು ಗುರುತು ಕಾಣುತ್ತದೆ. ಅದು ಹಚ್ಚೆ ಅಂತ ನಮಗೆ ಗೊತ್ತು. ಅವ್ವ ಅಲ್ಲಿದ್ದಾಳೆ.

ಹಾಗಾಗಿ ಅಕ್ಕೋರೆ, ಆ 12 ಸಾವಿರ ಕೊಡಬೇಡಿ. "4ಕೆ ಬೇಡ, ಟೇಪಿನಲ್ಲಿ ಇರುವಷ್ಟೇ ಇಳಿಸಿ ಕೊಡಿ" ಅಂತ ಕೇಳಿ. 720ಕ್ಕೆ 576 ಅಳತೆ, ಸೆಕೆಂಡಿಗೆ 25 ಫ್ರೇಮ್ ಸಾಕು. ಡಿವಿ ಅನ್ನುವ ಬಗೆಯ ಫೈಲ್ ಆದರೆ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿಗೆ 40 ಜಿಬಿ ಹತ್ತಿರ. ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಒಂದು ಮಗನ ಮನೆಯಲ್ಲಿರಲಿ. ಮೊಬೈಲಿನಲ್ಲಿ ನೋಡಲು ಚಿಕ್ಕ ಫೈಲ್ ಬೇರೆ ಮಾಡಿಸಿಕೊಳ್ಳಿ. ಕ್ಯಾಸೆಟ್ಟನ್ನು ಮಾತ್ರ ಕೈಯಲ್ಲಿ ವಾಪಸ್ ತೆಗೆದುಕೊಂಡೇ ಅಂಗಡಿಯಿಂದ ಹೊರಬನ್ನಿ. ಮುಂದೆ ಇನ್ನೂ ಒಳ್ಳೆಯ ತಂತ್ರ ಬಂದರೆ ಅದಕ್ಕೂ ಮೂಲವೇ ಬೇಕು.

ಕೊಡುವ ಮುಂಚೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಸುಮ್ನೆ ವಿಸಿಆರ್‌ಗೆ ತುರುಕಬಾರದು. ಟೇಪೂ ಹರಿಯುತ್ತದೆ, ಹೆಡ್ಡೂ ಕೆಡುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ವಾ. ತಗಡಿನ ಕೆಳಗೆ, ಅಟ್ಟದ ಮೇಲೆ ಇಟ್ಟಿದ್ದರೆ ಇವತ್ತೇ ಕೆಳಗಿಳಿಸಿ. ಹೊಸ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅದೂ 2016ರಲ್ಲಿ ನಿಲ್ಲಿಸಿತು. ಈಗ ಇರುವ ಯಂತ್ರಗಳೆಲ್ಲ ರಿಪೇರಿಯ ಮೇಲೆ ಬದುಕಿವೆ.

ಇನ್ನು ಟಿವಿ. ಶಹಾಬಾದಿನವರಿಗೆ ಟೇಪು ಹಿಡಿದು ಅಳೆಯುವ ಕೆಲಸವೇ ಇಲ್ಲ. ನಿಮ್ಮ ಹಾಲಿಗೆ ನಿಮ್ಮೂರಿನ ಕಲ್ಲೇ ಹಾಸಿರುತ್ತದೆ. ನೀವು ಕೂರುವ ಕುರ್ಚಿಯಿಂದ ಟಿವಿಯವರೆಗೆ ಎಷ್ಟು ಕಲ್ಲು ಇವೆ ಎಣಿಸಿ. ಎರಡಕ್ಕೆ ಎರಡರ ಕಲ್ಲಾದರೆ ಐದು ಕಲ್ಲಿಗೆ ಹತ್ತು ಅಡಿ.

ನಮ್ಮ ಕಣ್ಣಿಗೂ ಒಂದು ಮಿತಿ ಇದೆ. ಒಂದು ದೂರ ದಾಟಿದರೆ ಪಕ್ಕಪಕ್ಕದ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತವೆ. ಆ ಲೆಕ್ಕ ಹಾಕಿದರೆ, 32 ಇಂಚಿನ ಟಿವಿಯಲ್ಲಿ ಎಂಟು ಅಡಿಯಿಂದ ಆಚೆ ಕೂತವರಿಗೆ ಡಿವಿಡಿಯೇ ಸಾಕಷ್ಟು ಸ್ಪಷ್ಟ. ನೀವು ಹತ್ತು ಅಡಿಯಲ್ಲಿ ಕೂರುವವರಾದರೆ ಇಷ್ಟು ವರ್ಷ ನಿಮಗೆ ಕೊರತೆ ಅನ್ನಿಸದೇ ಇದ್ದದ್ದು ಸಹಜ. 55 ಇಂಚು ತಂದರೆ ಮಾತು ಬೇರೆ. ಅದೇ ಡಿವಿಡಿಯ ಚಿತ್ರ ಅಷ್ಟಗಲಕ್ಕೆ ಹಿಗ್ಗಿ, ಹತ್ತು ಅಡಿಯಿಂದಲೇ ಮಂಜುಮಂಜಾಗಿ ಕಾಣುತ್ತದೆ. ಡಿವಿಡಿಯಲ್ಲಿರುವುದು ಸುಮಾರು ನಾಲ್ಕು ಲಕ್ಷ ಚುಕ್ಕಿ. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ 20 ಲಕ್ಷಕ್ಕೂ ಜಾಸ್ತಿ. ಈ ವ್ಯತ್ಯಾಸ ನಿಮಗೆ ಖಂಡಿತ ಗೊತ್ತಾಗುತ್ತದೆ. ಬ್ಲೂ-ರೇಗೂ 4ಕೆಗೂ ಇರುವ ವ್ಯತ್ಯಾಸ ಮಾತ್ರ 55 ಇಂಚಿನಲ್ಲಿ ಸುಮಾರು ಏಳು ಅಡಿಯೊಳಗೆ ಕೂತವರಿಗೆ. ಟಿವಿಯ ಇಂಚನ್ನು ಒಂದೂವರೆಯಿಂದ ಗುಣಿಸಿ, ಅಷ್ಟು ಇಂಚಿನ ಒಳಗೆ ನಿಮ್ಮ ಕುರ್ಚಿ ಇದ್ದರೆ 4ಕೆಗೆ ಅರ್ಥವಿದೆ.

4ಕೆ ಡಿಸ್ಕಿನಲ್ಲಿ ಚುಕ್ಕಿಯ ಜೊತೆ ಎಚ್‌ಡಿಆರ್ ಅಂತ ಇನ್ನೊಂದು ಬರುತ್ತದೆ. ಕತ್ತಲೆಯೊಳಗಿನ ದೀಪ, ನೆರಳಿನಲ್ಲಿರುವ ಮುಖ ಅದರಲ್ಲಿ ಬಹಳ ಚೆನ್ನಾಗಿ ಕಾಣುತ್ತವೆ. ಪ್ರತಿ ಬಣ್ಣಕ್ಕೂ 256 ಮೆಟ್ಟಿಲಿದ್ದದ್ದು 1024 ಆಗಿರುತ್ತದೆ. ಇದನ್ನು ಎಷ್ಟು ದೂರದಿಂದ ನೋಡಿದರೂ ಕಣ್ಣು ಗುರುತಿಸುತ್ತದೆ. ಆದರೆ ಟಿವಿಯೂ ಅದಕ್ಕೆ ತಕ್ಕ ಬೆಳಕು ಕೊಡುವಂಥದ್ದಾಗಿರಬೇಕು. ಅಗ್ಗದ ಟಿವಿಯ ಡಬ್ಬದ ಮೇಲೆ ಬರೆದಿರುವ ಎಚ್‌ಡಿಆರ್ ನಂಬಿ ದುಡ್ಡು ಹಾಕಬೇಡಿ.

ನಿಮ್ಮ 140 ಡಿವಿಡಿ ಗುಜರಿಗೆ ಹೋಗಕೂಡದು. ಇದನ್ನು ಮಗನಿಗೆ ನಾನೇ ಹೇಳಿದೆ ಅನ್ನಿ. ಹಳೆಯ ಕನ್ನಡ ಸಿನಿಮಾಗಳನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲಿ. ಒಳ್ಳೆಯ ನೆಗೆಟಿವ್ ಉಳಿದಿದ್ದರೆ ಅದರೊಳಗೆ 4ಕೆಗೆ ಬೇಕಾಗುವಷ್ಟು ವಿವರ ನಿಜಕ್ಕೂ ಇದೆ. ನಿಮ್ಮ ಕ್ಯಾಸೆಟ್ಟಿಗೂ ಅದಕ್ಕೂ ಇರುವ ವ್ಯತ್ಯಾಸ ಇದೇ. ಆದರೆ ಹಾಗೆ ಸ್ಕ್ಯಾನ್ ಮಾಡಿ ಬ್ಲೂ-ರೇಯಲ್ಲಿ ತಂದ ಹಳೆಯ ಕನ್ನಡ ಚಿತ್ರಗಳು ತೀರಾ ಕಡಿಮೆ. ಹಾಗಾಗಿ ನಿಮ್ಮ ಕಪಾಟಿನಲ್ಲಿರುವ ಎಷ್ಟೋ ಸಿನಿಮಾಗಳಿಗೆ ಡಿವಿಡಿಗಿಂತ ಮೇಲಿನ ಪ್ರತಿ ನೀವು ದುಡ್ಡು ಕೊಟ್ಟರೂ ಸಿಗುವುದಿಲ್ಲ. 55 ಇಂಚು ಬೇಡ, 43 ತನ್ನಿ. ಹತ್ತು ಅಡಿಯಿಂದ ಡಿವಿಡಿ ಅದರಲ್ಲೂ ಚೆಂದ ಕಾಣುತ್ತದೆ. ಜೊತೆಗೆ ಸಾಧಾರಣ ಬ್ಲೂ-ರೇ ಪ್ಲೇಯರ್ ಸಿಕ್ಕರೆ ತನ್ನಿ, ಅದು ಡಿವಿಡಿಯನ್ನೂ ಓಡಿಸುತ್ತದೆ. ಚೌಕಾಕಾರದ ಚಿತ್ರವಿರುವ ಹಳೆಯ ಸಿನಿಮಾ ಹಾಕಿದಾಗ ಟಿವಿಯ ಸೆಟ್ಟಿಂಗಿನಲ್ಲಿ 4:3 (ಹಳೆಯ ಟಿವಿಗಳ ಅಳತೆ) ಇಡಿ. ಇಲ್ಲವಾದರೆ ಮುಖಗಳೆಲ್ಲ ಅಗಲಕ್ಕೆ ಎಳೆದಂತೆ ಕಾಣುತ್ತವೆ. ನಿಮ್ಮ ಮದುವೆಯ ವಿಡಿಯೋಗೂ ಹಾಗೇ ಮಾಡಿ.

ಪ್ರಶ್ನೆ: ಒಟಿಟಿಯಲ್ಲಿ 4ಕೆ ಸಿಗುವಾಗ ಡಿಸ್ಕ್ ಯಾಕೆ ಬೇಕು ಸರ್? (ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್)

ಉತ್ತರ: ತಮ್ಮಾ, ಎರಡರ ಮೇಲೂ 4ಕೆ ಅಂತಲೇ ಬರೆದಿರುತ್ತದೆ, ಒಳಗಿನ ಸರಕು ಒಂದೇ ಅಲ್ಲ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ 15 ಮೆಗಾಬಿಟ್) ವೇಗದ ಇಂಟರ್ನೆಟ್ ಇರಲಿ ಅನ್ನುತ್ತದೆ. 2016ರಲ್ಲಿ ಬಂದ 4ಕೆ ಬ್ಲೂ-ರೇ ಡಿಸ್ಕ್ 100 ಎಂಬಿಪಿಎಸ್ ದಾಟಿ ಓಡಬಲ್ಲದು. ಸಾಧಾರಣ ಬ್ಲೂ-ರೇಯಲ್ಲೇ ಚಿತ್ರಕ್ಕೆ 40ರವರೆಗೆ ಜಾಗವಿದೆ. ಮಳೆ, ಹೊಗೆ, ಧೂಳು, ರಾತ್ರಿಯ ದೃಶ್ಯ ಬಂದಾಗ ನೋಡು. ಒಟಿಟಿಯಲ್ಲಿ ಕಪ್ಪು ಭಾಗ ಚೌಕಚೌಕವಾಗಿ ಒಡೆಯುತ್ತದೆ, ಡಿಸ್ಕಿನಲ್ಲಿ ಒಡೆಯುವುದಿಲ್ಲ. ಸಂಜೆ ಓಣಿಯವರೆಲ್ಲ ಒಟ್ಟಿಗೆ ನೋಡಲು ಕೂತಾಗ ಒಟಿಟಿ ತಾನಾಗಿಯೇ ಚಿತ್ರದ ಗುಣಮಟ್ಟ ಇಳಿಸುವುದನ್ನೂ ನೋಡಿರುತ್ತೀಯ.

ಆದರೂ ಎಲ್ಲವನ್ನೂ ಡಿಸ್ಕಿನಲ್ಲಿ ಕೊಳ್ಳುವುದು ನಿನ್ನ ವಯಸ್ಸಿಗೆ ದುಬಾರಿ. ಒಮ್ಮೆ ನೋಡಿ ಬಿಡುವ ಸಿನಿಮಾಕ್ಕೆ ಒಟಿಟಿ ಸಾಕು. ವರ್ಷಕ್ಕೊಮ್ಮೆ ನೋಡಲೇಬೇಕು ಅನ್ನಿಸುವ ಐದಾರು ಚಿತ್ರ ಇರುತ್ತವಲ್ಲ, ಅವನ್ನು ಮಾತ್ರ ಡಿಸ್ಕಿನಲ್ಲಿ ತಗೋ. ಕಂಪನಿಗಳ ಒಪ್ಪಂದ ಮುಗಿದರೆ ಒಟಿಟಿಯಿಂದ ಸಿನಿಮಾ ಮಾಯವಾಗುತ್ತದೆ, ಕಪಾಟಿನಿಂದ ಆಗುವುದಿಲ್ಲ. ಎರಡು ವಿಷಯ ನೆನಪಿಡು. 4ಕೆ ಡಿಸ್ಕ್ ಹಳೆಯ ಬ್ಲೂ-ರೇ ಪ್ಲೇಯರಿನಲ್ಲಿ ಓಡುವುದಿಲ್ಲ, ಅದಕ್ಕೆ ಬೇರೆಯದೇ ಪ್ಲೇಯರ್ ಬೇಕು. ಹೊರದೇಶದಿಂದ ತರಿಸಿದ 4ಕೆ ಡಿಸ್ಕಿಗೆ ರೀಜನ್ ಲಾಕ್ (ಒಂದು ದೇಶದ ಡಿಸ್ಕ್ ಇನ್ನೊಂದು ದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗ) ಇಲ್ಲ, ಡಿವಿಡಿಗೂ ಸಾಧಾರಣ ಬ್ಲೂ-ರೇಗೂ ಇರಬಹುದು. ಇನ್ನೊಂದು ಮಾತು. ಡಿಜಿಟಲ್ ಕಾಲದ ಎಷ್ಟೋ ಸಿನಿಮಾಗಳ ಎಡಿಟಿಂಗ್, ಗ್ರಾಫಿಕ್ಸ್ ಎಲ್ಲ 2ಕೆಯಲ್ಲಿ (ಅಡ್ಡಕ್ಕೂ ಉದ್ದಕ್ಕೂ 4ಕೆಯ ಅರ್ಧದಷ್ಟು ಚುಕ್ಕಿ) ಮುಗಿದು, ಆಮೇಲೆ 4ಕೆಗೆ ಹಿಗ್ಗಿಸಿದ್ದು. ಕೊಳ್ಳುವ ಮುಂಚೆ ಆ ಸಿನಿಮಾದ ಮೂಲ ಯಾವುದು ಅಂತ ವಿಚಾರಿಸು.

ಪ್ರಶ್ನೆ: 4ಕೆ ಟಿವಿ ಕೊಂಡೆವು. ಟಿವಿಗೆ ಪ್ಲೇಯರ್ ಜೋಡಿಸಲು ಎಂಟು ಸಾವಿರದ ಎಚ್‌ಡಿಎಂಐ ಕೇಬಲ್ ಹಾಕದಿದ್ದರೆ ಚಿತ್ರ ಮಂಕಾಗುತ್ತದೆ ಅಂತ ಅಂಗಡಿಯಲ್ಲಿ ಹೆದರಿಸಿದರು. ನಿಜವೇ? (ಗೃಹಿಣಿ, ಯಾದಗಿರಿ)

ಉತ್ತರ: ನಿಜ ಅಲ್ಲ, ಅಕ್ಕ. ಎಚ್‌ಡಿಎಂಐಯಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟದ್ದಾದರೆ ಪರದೆಯಲ್ಲಿ ಚುಕ್ಕಿ ಮಿಂಚುತ್ತವೆ, ಇಲ್ಲವೇ ಚಿತ್ರವೇ ಹೋಗಿಬಿಡುತ್ತದೆ. ಬಣ್ಣ ಮಂಕಾಗುವುದಿಲ್ಲ. "ಪ್ರೀಮಿಯಂ ಹೈ ಸ್ಪೀಡ್" ಅಂತ ಪ್ರಮಾಣ ಪಡೆದ, ಎರಡು ಮೀಟರಿನ ಕೇಬಲ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 4ಕೆ ಸಿನಿಮಾಕ್ಕೆ ಅದು ಧಾರಾಳ. ನಿಮ್ಮ ಪತ್ರದಲ್ಲಿ ಟಿವಿ ಎದುರಿಗೇ ಪಡುವಣ ಕಿಟಕಿ ಇದೆ ಅಂತ ಬರೆದಿದ್ದೀರಿ. ಯಾದಗಿರಿಯ ಸಂಜೆ ಬಿಸಿಲು ನೇರ ಪರದೆಗೆ ಬಡಿದರೆ ಯಾವ ಟಿವಿಯೂ ಮಂಕೇ. ಮೊದಲು ಆ ಕಿಟಕಿಗೆ ಒಂದು ದಪ್ಪ ಪರದೆ ಹೊಲಿಸಿ ಹಾಕಿ ನೋಡಿ.