ಹುರಿಯುವ ಹುಡುಗ ಎದುರಾಳಿ ಕಡೆ ಹೋದರೆ ಸಾರಿನ ಪುಡಿಯ ಗುಟ್ಟು ಉಳಿಸಿಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಸಾರಿನ ಪುಡಿ ಯೂನಿಟ್ ಇದೆ, ಹುರಿಯುವ ಹುಡುಗ ಕೆಲಸ ಬಿಟ್ಟು ಅದೇ ಊರಿನ ಇನ್ನೊಂದು ಬ್ರ್ಯಾಂಡ್ ಸೇರಿದ್ದಾನೆ, ಪೇಟೆಂಟ್ ಮಾಡಿಸಲಾ ಅಂತ. ನಾನೂ ಚಟ್ನಿಪುಡಿ, ಸಾರಿನ ಪುಡಿ ಮಾಡುವವನೇ. ಗೊತ್ತಿರೋದು ಹೇಳ್ತೀನಿ.

ಪೇಟೆಂಟ್ ಆಸೆ ಬಿಡಿ. ಬರೀ ಬೆರಕೆ ಮಾಲಿಗೆ ಅದು ಸಿಗುವುದಿಲ್ಲ. ಅರ್ಜಿ ಹಾಕಿದರೆ 18 ತಿಂಗಳಿಗೆ ಅದು ಪ್ರಕಟವಾಗುತ್ತದೆ, ನಿಮ್ಮ ಅಳತೆಯನ್ನು ಊರಿಗೆಲ್ಲ ಓದಿಸಿದ ಹಾಗೆ. ಕೋಕಾ ಕೋಲಾ ಕಂಪನಿ 1977ರಲ್ಲಿ ಭಾರತವನ್ನೇ ಬಿಟ್ಟು ಹೋಯಿತು, ಫಾರ್ಮುಲಾ ಮಾತ್ರ ಬಿಟ್ಟುಕೊಡಲಿಲ್ಲ.

'ಇನ್ನು ಎರಡು ವರ್ಷ ಬೇರೆ ಕಡೆ ಸೇರಬಾರದು' ಅಂತ ಬರೆಸಿಕೊಂಡಿದ್ದರೂ ಪ್ರಯೋಜನ ಕಮ್ಮಿ. 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ಷರತ್ತು ನಿಲ್ಲುವುದಿಲ್ಲ. ಆದರೆ 'ಇಲ್ಲಿ ತಿಳಿದ ಅಳತೆ, ದರ ಹೊರಗೆ ಹೇಳುವುದಿಲ್ಲ' ಅನ್ನುವ ಕರಾರು ಬೇರೆ, ಅದು ನಿಲ್ಲುತ್ತದೆ. ಅದರಲ್ಲೂ ಯಾವುದು ಗುಟ್ಟು ಅಂತ ಒಂದೊಂದಾಗಿ ಬರೆಸಿ. ಸುಮ್ನೆ 'ಎಲ್ಲಾ ಮಾಹಿತಿ' ಅಂದರೆ ವಕೀಲರೇ ನಗ್ತಾರೆ.

ನಿಜವಾದ ಕಾವಲು ಇರೋದು ಹುರಿಯುವ ಕೋಣೆಯಲ್ಲಿ. ನಮ್ಮಲ್ಲಿ ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿ ಹುರಿಯೋದು ಎಲ್ಲರ ಕಣ್ಣೆದುರೇ. ಮೆಂತ್ಯ, ಇಂಗು, ಚಕ್ಕೆ ಥರದ ಸಣ್ಣ ಸಾಮಾನು ಮಾತ್ರ ಮನೆಯಲ್ಲಿ ನನ್ನ ಹೆಂಡತಿ ತೂಗಿ, ಪೊಟ್ಟಣ ಕಟ್ಟಿ, ಮೇಲೆ ನಂಬರ್ ಬರೆದು ಕಳಿಸುತ್ತಾಳೆ. ಹುಡುಗರಿಗೆ ಗೊತ್ತಿರೋದು ಇಷ್ಟೇ: ಒಂದು ಚೀಲ ಕೊತ್ತಂಬರಿಗೆ ಎರಡನೇ ನಂಬರ್ ಪೊಟ್ಟಣ ಒಂದು. ಸಾಮಾನು ತರೋದೂ ಬೇರೆ ಬೇರೆ ಅಂಗಡಿಯಿಂದ, ಒಂದೇ ಕಡೆ ತಂದರೆ ಕಿರಾಣಿಯವನೇ ಲೆಕ್ಕ ಹಾಕಿಬಿಡ್ತಾನೆ. ಬೀಸೋದಕ್ಕೆ ಹೊರಗಿನ ಮಿಲ್ಲಿಗೆ ಕೊಡ್ತೀರಾದರೆ ಪೊಟ್ಟಣದ ಮಾಲನ್ನು ನಿಮ್ಮ ಮಿಕ್ಸಿಯಲ್ಲೇ ಪುಡಿ ಮಾಡಿ ಕೊನೆಗೆ ಬೆರೆಸಿ. ಲೇಬಲ್ ಮೇಲೆ ಸಾಮಾನಿನ ಹೆಸರು ಜಾಸ್ತಿಯಿಂದ ಕಮ್ಮಿಗೆ ಹಾಕಲೇಬೇಕು, ತಪ್ಪಿಸಿಕೊಳ್ಳೋಕಾಗಲ್ಲ.

ಒಂದು ಮಾತು, ಎದುರಾಳಿ ನಿಮ್ಮ ಪ್ಯಾಕೆಟ್ ಕೊಂಡು, ರುಚಿ ನೋಡಿ ತಾನೇ ಹದ ಕಂಡುಕೊಂಡರೆ ಏನೂ ಮಾಡೋಕಾಗಲ್ಲ. ಅದು ತಪ್ಪೂ ಅಲ್ಲ.

ನನ್ನ ಕೇಳಿದರೆ ಹದಕ್ಕಿಂತ ದರದ ಪಟ್ಟಿ ಸೋರಿದಾಗಲೇ ಹೊಡೆತ ಜಾಸ್ತಿ. ಅಂಗಡಿಗಳ ಹೆಸರು ಗುಟ್ಟಲ್ಲ, ಬೋರ್ಡ್ ನೋಡಿ ಯಾರು ಬೇಕಾದರೂ ಬರೆದುಕೊಳ್ಳಬಹುದು. ಯಾರಿಗೆ ಎಷ್ಟು ಮಾರ್ಜಿನ್, ಎಷ್ಟು ದಿನ ಉದ್ರಿ, ಅದು ಗುಟ್ಟು. ಆದ್ದರಿಂದ ಸೇಲ್ಸ್ ಹುಡುಗರ ಸಿಮ್ ನಿಮ್ಮ ಹೆಸರಲ್ಲೇ ಇರಲಿ, ಆರ್ಡರ್ ಎಲ್ಲಾ ಆ ನಂಬರಿಗೇ ಬರಲಿ. ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೆ ಬೇರೆ ಪಾಸ್‌ವರ್ಡ್ ಕೊಡಿ, ಅವರು ಓಡಾಡುವ ಲೈನಿನ ಅಂಗಡಿಗಳ ದರ ಮಾತ್ರ ಅವರ ಕೈಗೆ ಸಿಗಲಿ.

ಹೋದ ಹುಡುಗನಿಗೆ ಈಗ ಬೈದು ಫೋನ್ ಮಾಡಬೇಡಿ. ಅವನು ಕರಾರಿಗೆ ಸಹಿ ಹಾಕಿದ್ದರೆ ವಕೀಲರ ಕೈಲಿ ಒಂದು ನೋಟಿಸ್ ಕಳಿಸಿ, ಅದರ ಒಂದು ಪ್ರತಿ ಅವನ ಹೊಸ ಮಾಲೀಕರಿಗೂ ಹೋಗಲಿ. ಹಾಕಿಲ್ಲದಿದ್ದರೆ ಬಾಕಿ ಸಂಬಳ ಪೂರ್ತಿ ಕೊಟ್ಟು, ಈ ವಾರವೇ ಪೊಟ್ಟಣದ ಪದ್ಧತಿ ಶುರು ಮಾಡಿ.