ಅಮೆರಿಕದ ರೆಸಿಡೆನ್ಸಿ ಎರಡು ಸಲವೂ ಸಿಗಲಿಲ್ಲ, ಈಗ ಏನು ಮಾಡಲಿ?

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಎರಡು ವರ್ಷ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಆಸ್ಪತ್ರೆಯಲ್ಲಿ ದುಡಿಯುತ್ತ ಪಡೆಯುವ ತಜ್ಞವೈದ್ಯ ತರಬೇತಿಗೆ, ಅರ್ಜಿ ಹಾಕಿದ್ದೀರಿ, ಎರಡೂ ಸಲ ಕೈತಪ್ಪಿದೆ, ಮೂರನೆಯ ಸಲ ಹಾಕಬೇಕೋ ಬಿಡಬೇಕೋ ತಿಳಿಯುತ್ತಿಲ್ಲ ಎಂದಿದ್ದೀರಿ. ನನ್ನದೂ ಇದೇ ಕಥೆ, ಊರು ಮಾತ್ರ ಧಾರವಾಡ. 2019ರ ಮಾರ್ಚ್‌ನಲ್ಲಿ ಒಮ್ಮೆ, 2020ರ ಮಾರ್ಚ್‌ನಲ್ಲಿ ಇನ್ನೊಮ್ಮೆ. ಸೀಟು ಸಿಕ್ಕಿತೋ ಇಲ್ಲವೋ ಎಂದು ಅಲ್ಲಿ ಸೋಮವಾರ ಬೆಳಿಗ್ಗೆ ಕಳಿಸುವ ಇಮೇಲ್ ನಮಗೆ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. ಎರಡನೆಯ ಸಲ ಓದಿ ಮೊಬೈಲ್ ಮಗುಚಿಟ್ಟೆ. ಅವ್ವ ಏನನ್ನೂ ಕೇಳದೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊದಲು ಒಂದು ಲೆಕ್ಕ ನೋಡಿಕೊಳ್ಳಿ: ಎರಡು ವರ್ಷಗಳಲ್ಲಿ ನಿಮಗೆ ಎಷ್ಟು ಸಂದರ್ಶನಗಳು ಬಂದವು? ಒಂದೂ ಬಂದಿಲ್ಲವಾದರೆ ನಿಮ್ಮ ಅರ್ಜಿಯನ್ನು ಮನುಷ್ಯರು ಓದುವ ಮೊದಲೇ ಜರಡಿ ಹಿಡಿದು ಆಚೆ ಹಾಕಿದ್ದಾರೆ ಎಂದು ತಿಳಿಯಿರಿ. ಪದವಿ ಮುಗಿದು ಎಷ್ಟು ವರ್ಷವಾಯಿತು, ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ ಎರಡನೆಯ ಹಂತವಾದ ಸ್ಟೆಪ್ 2ರ ಅಂಕ ಎಷ್ಟು, ವೀಸಾ ಬೇಕೇ ಎಂಬುವೇ ಆ ಜರಡಿಯ ಕಣ್ಣುಗಳು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ಭಾರವೆಲ್ಲ ಸ್ಟೆಪ್ 2ರ ಮೇಲೆ ಬಿದ್ದಿದೆ. ಪಾಸಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಬಿಡುವುದಿಲ್ಲ. ಅಂದರೆ ಮೂರನೆಯ ಸಲವೂ ಅದೇ ಅಂಕ, ವಯಸ್ಸು ಮಾತ್ರ ಒಂದು ವರ್ಷ ಹೆಚ್ಚು. ಏಳೆಂಟು ಸಂದರ್ಶನ ಬಂದೂ ಸಿಗಲಿಲ್ಲವಾದರೆ ಮಾತು ಬೇರೆ. ಆಗ ಇನ್ನೊಂದು ಸಲ ಹಾಕುವುದು ಹುಚ್ಚುತನವಲ್ಲ. ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ 2022ರಿಂದ 2025ರವರೆಗೆ ನೂರಕ್ಕೆ ಸುಮಾರು 58ರಿಂದ 60 ಮಂದಿಗೆ ಸೀಟು ಸಿಕ್ಕಿದೆ. ಉಳಿದ ನಲವತ್ತು ಮಂದಿ ದಡ್ಡರೇನಲ್ಲ. ನನಗೆ ಮೊದಲ ವರ್ಷ ಎರಡು ಸಂದರ್ಶನ, ಎರಡನೆಯ ವರ್ಷ ಒಂದು. ಇಳಿಮುಖ ಕಣ್ಣಿಗೆ ಕಾಣುತ್ತಿತ್ತು, ನಾನು ನೋಡಲಿಲ್ಲ.

ಆ ಎರಡು ಅರ್ಜಿಗಳ ನಡುವಿನ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮನೆಯಲ್ಲಿ ಕುಳಿತೆ. ಕೇಳಿದವರಿಗೆ ‘ತಯಾರಿ ನಡೆದಿದೆ’ ಎನ್ನುತ್ತಿದ್ದೆ. ಒಬ್ಬ ಏಜೆಂಟ್‌ಗೆ ದುಡ್ಡು ಕೊಟ್ಟು ಒಂದು ತಿಂಗಳು ಅಲ್ಲಿನ ಕ್ಲಿನಿಕ್‌ನಲ್ಲಿ ಅಬ್ಸರ್ವರ್ ಆಗಿ ನಿಂತು ಬಂದೆ. ಅಬ್ಸರ್ವರ್ ಎಂದರೆ ರೋಗಿಯನ್ನು ಮುಟ್ಟುವಂತಿಲ್ಲ, ಮೂಲೆಯಲ್ಲಿ ನಿಂತು ನೋಡಬೇಕು. ಕೊನೆಗೆ ಸಿಕ್ಕ ಶಿಫಾರಸು ಪತ್ರದಲ್ಲಿ ನನ್ನ ಹೆಸರು ತೆಗೆದು ಯಾರ ಹೆಸರು ಬರೆದರೂ ಹೊಂದುತ್ತಿತ್ತು. ಅದಕ್ಕೂ ಮೊದಲು ಸ್ಟೆಪ್ 2 ಸಿಎಸ್ ಎಂಬ ಬೇರೆಯದೇ ಪ್ರಾಯೋಗಿಕ ಪರೀಕ್ಷೆಗೆ ಅಟ್ಲಾಂಟಾದವರೆಗೆ ಹೋಗಿದ್ದೆ. 2021ರ ಜನವರಿಯಲ್ಲಿ ಆ ಪರೀಕ್ಷೆಯನ್ನೇ ರದ್ದು ಮಾಡಿದರು. ಅಪ್ಪ ಇಂದಿಗೂ ಆ ಖರ್ಚಿನ ಮಾತೆತ್ತುವುದಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು. ಎರಡನೆಯ ವರ್ಷದ ಆ ಒಂದೇ ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಕೊನೆಯದಾಗಿ ರೋಗಿಯನ್ನು ನೋಡಿದ್ದು ಯಾವಾಗ?’ ನನ್ನ ಬಳಿ ಉತ್ತರವಿರಲಿಲ್ಲ.

ಆದ್ದರಿಂದ ಅಮೆರಿಕಕ್ಕೆ ಹಾಕಿದರೂ ಬಿಟ್ಟರೂ, ಈ ತಿಂಗಳೇ ರೋಗಿಗಳನ್ನು ನೋಡುವ ಕೆಲಸಕ್ಕೆ ಸೇರಿಕೊಳ್ಳಿ. ನಿಮ್ಮದು ಇಲ್ಲಿನ ಎಂಬಿಬಿಎಸ್, ಇಲ್ಲಿನ ನೋಂದಣಿ. ಬಾಗಿಲು ತೆರೆದೇ ಇದೆ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳು, ಗುತ್ತಿಗೆ ವೈದ್ಯರನ್ನು ತೆಗೆದುಕೊಳ್ಳುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಖಾಸಗಿ ಆಸ್ಪತ್ರೆಗಳ ಡ್ಯೂಟಿ ಡಾಕ್ಟರ್ ಹುದ್ದೆಗಳು, ಯಾವುದಾದರೂ ಸರಿ. ನನ್ನನ್ನು ಕೋವಿಡ್ ಎಳೆದುಕೊಂಡಿತು. ಹುಬ್ಬಳ್ಳಿಯ ಒಂದು ವಾರ್ಡ್‌ನಲ್ಲಿ ಕೆಲವು ತಿಂಗಳು ದುಡಿದು, ಆಮೇಲೆ ಹಾವೇರಿ ಜಿಲ್ಲೆಯ ಒಂದು ಆರೋಗ್ಯ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ಹೋದೆ. ಸೇರಿದ ಎರಡನೆಯ ವಾರ ಟ್ರ್ಯಾಕ್ಟರ್‌ನಲ್ಲಿ ಒಬ್ಬ ಹುಡುಗನನ್ನು ತಂದರು, ‘ಎಣ್ಣೆ ಕುಡಿದಿದ್ದಾನೆ’ ಎಂದರು. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕ. ಸೂಜಿಮೊನೆಯಷ್ಟಾದ ಕಣ್ಣಪಾಪೆ, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಸ್ಟೆಪ್ ಪರೀಕ್ಷೆಗೆ ಓದುವಾಗ ಇದೇ ಪ್ರಶ್ನೆಯನ್ನು ನೂರು ಸಲ ಬಿಡಿಸಿದ್ದೆ, ಪ್ರತಿ ಸಲವೂ ಅಟ್ರೊಪಿನ್ ಔಷಧ ಎಂದು ಗುರುತು ಹಾಕಿದ್ದೆ. ಎಷ್ಟು ಸಲ ಕೊಡಬೇಕು, ಎದೆ ಒಣಗಿತೆಂದು ಕಿವಿಗೆ ಹೇಗೆ ತಿಳಿಯುತ್ತದೆ, ಆಂಬುಲೆನ್ಸ್ ಬರುವವರೆಗೆ ಔಷಧ ಸಾಲುತ್ತದೆಯೇ ಎಂಬುದನ್ನು ಕಲಿಸಿದ್ದು ಅಲ್ಲಿನ ನರ್ಸ್. ಹುಡುಗ ಬದುಕಿದ. ಮೆಣಸಿನಕಾಯಿ, ಹತ್ತಿ ಬೆಳೆಯುವ ಸೀಮೆಯಲ್ಲಿ ಇಂಥವರು ಮತ್ತೆ ಮತ್ತೆ ಬರುತ್ತಾರೆ. ಯಾವ ದೇಶದ ಸಂದರ್ಶನದಲ್ಲಿ ಕುಳಿತರೂ ಈ ಅನುಭವ ಹೇಳಿಕೊಳ್ಳುವಂಥದ್ದು.

ಇನ್ನು ನೀಟ್ ಪಿಜಿ, ಇಲ್ಲಿನ ಸ್ನಾತಕೋತ್ತರ ವೈದ್ಯಕೀಯ ಸೀಟುಗಳ ಪ್ರವೇಶ ಪರೀಕ್ಷೆ. ಅಮೆರಿಕದ ಪರೀಕ್ಷೆಗೆ ಓದಿದವರು ಇದನ್ನು ಕೀಳಾಗಿ ಕಾಣುತ್ತಾರೆ, ನಾನೂ ಕಂಡಿದ್ದೆ. 200 ಪ್ರಶ್ನೆ, 800 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಸ್ಟೆಪ್ 2ರ ಓದು ಅರ್ಧಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಲ್ಲಿನ ರಾಷ್ಟ್ರೀಯ ಕಾರ್ಯಕ್ರಮಗಳು, ಲಸಿಕೆ ಪಟ್ಟಿ, ವಿಧಿವಿಜ್ಞಾನ ಇಂಥವನ್ನು ಮಾತ್ರ ಹೊಸದಾಗಿ ಕಟ್ಟಿಕೊಳ್ಳಬೇಕು. ರಜೆ ಸಿಕ್ಕಾಗಲೆಲ್ಲ ಧಾರವಾಡದ ಸಪ್ತಾಪುರದ ಒಂದು ರೀಡಿಂಗ್ ರೂಮಿನಲ್ಲಿ ಕೂರುತ್ತಿದ್ದೆ. ಸುತ್ತಲೂ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರು. ನಾಲ್ಕನೆಯ, ಐದನೆಯ ಪ್ರಯತ್ನ ಎಂದು ನಾಚಿಕೆಯಿಲ್ಲದೆ ಹೇಳುವವರು. ಎರಡು ಸಲ ಸೋತದ್ದನ್ನು ನೆಂಟರಿಂದ ಮುಚ್ಚಿಟ್ಟಿದ್ದ ನನಗೆ ಆ ಸಹವಾಸ ಹಿತವೆನಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಬರೆದೆ. ಕೌನ್ಸೆಲಿಂಗ್ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು 2022ರ ಜನವರಿಗೆ ಹೋಯಿತು. ನನ್ನ ರ‍್ಯಾಂಕಿಗೆ ರೇಡಿಯಾಲಜಿ ಕನಸಿನಲ್ಲೂ ಬರುವಂತಿರಲಿಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಎನ್‌ಬಿ ಎಂಬ ಸ್ನಾತಕೋತ್ತರ ಅರ್ಹತೆಯಲ್ಲಿ ಫ್ಯಾಮಿಲಿ ಮೆಡಿಸಿನ್ ಸಿಕ್ಕಿತು, ಮೂರು ವರ್ಷ. ‘ಅದೂ ಒಂದು ಸ್ಪೆಷಾಲಿಟಿಯೇ?’ ಎಂದು ಮದುವೆಮನೆಗಳಲ್ಲಿ ಇಂದಿಗೂ ಕೇಳುತ್ತಾರೆ. ನಾನು ಅಮೆರಿಕದಲ್ಲಿ ಅರ್ಜಿ ಹಾಕಿದ್ದೂ ಇದೇ ವಿಷಯಕ್ಕೆ, ಅಲ್ಲಿ ಸಿಕ್ಕಿದ್ದರೆ ಯಾರೂ ಹೀಗೆ ಕೇಳುತ್ತಿರಲಿಲ್ಲ.

ರ‍್ಯಾಂಕ್ ಇನ್ನೂ ಹಿಂದಿರುವವರು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಡಿಪ್ಲೊಮಾಗಳನ್ನೂ ನೋಡಬಹುದು; ಅರಿವಳಿಕೆ, ಮಕ್ಕಳ ವೈದ್ಯಕೀಯ, ಹೆರಿಗೆ ಇಂಥ ವಿಷಯಗಳಲ್ಲಿ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಬೇಕಾಗಿರುವುದು ಈ ಜನರೇ. ರೋಗಿಗಳಿಗಿಂತ ಅಂಕಿಅಂಶ, ಯೋಜನೆಗಳ ಕಡೆ ಒಲವಿದ್ದರೆ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ.

ವಿದೇಶಿ ವೈದ್ಯರು ಬ್ರಿಟನ್ನಿನಲ್ಲಿ ನೋಂದಣಿಗೆ ಬರೆಯುವ ಪ್ಲ್ಯಾಬ್ ಪರೀಕ್ಷೆಯ ಬಗ್ಗೆ ನಿಮ್ಮ ಗೆಳೆಯರು ಹೇಳಿಯೇ ಇರುತ್ತಾರೆ. ಮೊದಲ ಭಾಗವನ್ನು ಭಾರತದಲ್ಲೇ ಬರೆಯಬಹುದು, ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಬೇಕು. ಪಾಸಾಗುವುದು ಅಷ್ಟು ಕಷ್ಟವಲ್ಲ, ಪಾಸಾದ ಮೇಲೆ ಕೆಲಸ ಹುಡುಕುವುದು ಈಗ ಕಷ್ಟ. ಒಂದೊಂದು ಹುದ್ದೆಗೆ ನೂರಾರು ಅರ್ಜಿಗಳು. ಸಾಲ ಮಾಡಿ ಅಲ್ಲಿಗೆ ಹೋಗಿ ಕಾಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಜರ್ಮನಿಯಲ್ಲಿ ತರಬೇತಿಗೆ ಸಂಬಳ ಕೊಡುತ್ತಾರೆ, ಆದರೆ ಭಾಷೆಯನ್ನು ಬಿ2 ಎಂಬ ಮೇಲ್ಮಧ್ಯಮ ಮಟ್ಟಕ್ಕೆ ಕಲಿತು ವೈದ್ಯಕೀಯ ಜರ್ಮನ್‌ನಲ್ಲಿ ಇನ್ನೊಂದು ಪರೀಕ್ಷೆ ದಾಟಬೇಕು. ನಿತ್ಯ ಓದುವ ಶಿಸ್ತಿದ್ದವರಿಗೆ ಒಂದೂವರೆ ಎರಡು ವರ್ಷದ ದಾರಿ.

ಜಾರ್ಜಿಯಾ, ಕಜಕಸ್ತಾನಗಳಲ್ಲಿ ಓದಿ ಬಂದವರು ಇದನ್ನು ಓದುತ್ತಿದ್ದರೆ, ನಿಮಗೆ ಮೊದಲ ಮೆಟ್ಟಿಲು ಎಫ್‌ಎಂಜಿಇ, ಹೊರದೇಶದಲ್ಲಿ ಓದಿದವರು ಇಲ್ಲಿ ನೋಂದಣಿಗೆ ಬರೆಯಬೇಕಾದ ಪರೀಕ್ಷೆ. ವರ್ಷಕ್ಕೆ ಎರಡು ಸಲ, 300ಕ್ಕೆ 150 ಅಂಕ, ತಪ್ಪು ಉತ್ತರಕ್ಕೆ ಕಡಿತವಿಲ್ಲ. ಹೀಗಿದ್ದೂ ಎಷ್ಟೋ ಸಲ ಐವರಲ್ಲಿ ಒಬ್ಬರಷ್ಟೇ ಪಾಸಾಗಿದ್ದಾರೆ. ಅದನ್ನು ದಾಟಿ ಇಲ್ಲಿ ಇಂಟರ್ನ್‌ಶಿಪ್ ಮುಗಿಸುವವರೆಗೆ ಮೇಲಿನ ಕೆಲಸಗಳು ನಿಮಗಿಲ್ಲ.

ಮೂರನೆಯ ಸಲ ಹಾಕುವುದೇ ಆದರೆ ಖರ್ಚಿಗೆ ಮೊದಲೇ ಗೆರೆ ಎಳೆದುಕೊಳ್ಳಿ. ನಾನು ನೂರೈವತ್ತು ಕಡೆ ಹಾಕಿ ಅರ್ಜಿ ಶುಲ್ಕಕ್ಕೇ ಎರಡೂವರೆ ಲಕ್ಷ ಸುರಿದೆ, ಅದರಲ್ಲಿ ಅರ್ಧದಷ್ಟು ಕಡೆ ನನ್ನಂಥವರಿಗೆ ವೀಸಾ ಕೊಡುವುದಿಲ್ಲ ಎಂದು ಅವರ ಪುಟದಲ್ಲೇ ಬರೆದಿತ್ತು. ಇನ್ನೊಂದು ಸಣ್ಣ ಮಾತು: ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ವೈದ್ಯರ ತರಬೇತಿ ಕಾರ್ಯಕ್ರಮಗಳಿಗೆ ಹೋಗಿ ಗಳಿಸಿದ 30 ಕ್ರೆಡಿಟ್ ಅಂಕ ಬೇಕು. ಈ ಓಡಾಟದಲ್ಲಿ ನಾನು ಮರೆತಿದ್ದೆ, ಕೆಲಸಕ್ಕೆ ಸೇರುವ ಹಿಂದಿನ ವಾರ ನೆನಪಾಗಿ ಪರದಾಡಿದೆ. ನಿಮ್ಮ ಸ್ಟೆಪ್ 2 ಅಂಕ, ಪದವಿಯ ವರ್ಷ, ಬಂದ ಸಂದರ್ಶನಗಳ ಸಂಖ್ಯೆ ಈ ಮೂರನ್ನು ಬರೆದರೆ ಹಾಕಿ ಅಥವಾ ಬೇಡ ಎಂದು ನೇರವಾಗಿ ಹೇಳುತ್ತೇನೆ.